ಎಂಟು ಸುತ್ತಿನ ರೀಲು

ಹೊಳೆನರಸೀಪುರ

ಪರದೇಶಕ್ಕೆ ಹೋಗಿ ಬಂದವರು ನಮ್ಮೂರಲ್ಲಿ ಆರು ತಿಂಗಳು ಅದನ್ನೇ ಮಾತಾಡುತ್ತಾರೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ, ಅಲ್ಲಿನ ರಸ್ತೆ ಹೀಗೆ, ಅಲ್ಲಿನ ಜನ ಹಾಗೆ ಎಂದು ಕೇಳದವರ ಕಿವಿಗೂ ತುಂಬುತ್ತಾರೆ. ನಾನು ಐರ್ಲೆಂಡಿನಿಂದ ಬಂದು ವರ್ಷವಾಗುತ್ತಾ ಬಂತು. ಯಾರಾದರೂ ಕೇಳಿದರೆ ‘ಚಳಿ ಜಾಸ್ತಿ’ ಎಂದಷ್ಟೇ ಹೇಳಿ ಮಾತು ಬದಲಿಸುತ್ತೇನೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ಬಾಯಿ ಇದು, ತಾನಾಗಿ ಸುಮ್ಮನಿರುವಂಥದ್ದಲ್ಲ. ಸುಮ್ಮನಿರಿಸಿರುವುದು ಒಂದು ರೀಲು. ಮೀನು ಹಿಡಿಯುವ ಕೋಲಿಗೆ ಕಟ್ಟುವ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ರೀಲು. ಅದನ್ನು ಆರಿಸಿದವನು ನಾನು. ಅದರಿಂದ ಕೆಟ್ಟದ್ದು ನನ್ನ ಭಾವನ ಕೈ.

ಭಾವ ಎಂದರೆ ನನ್ನ ಅಕ್ಕ ಸಾವಿತ್ರಮ್ಮನ ಗಂಡ ನಿಂಗರಾಜು. ಅರಕಲಗೂಡಿನಲ್ಲಿ ಟ್ರ್ಯಾಕ್ಟರ್ ಗೇರ್‌ಬಾಕ್ಸ್ ರಿಪೇರಿಯ ಮೇಸ್ತ್ರಿ. ಶುಂಠಿ ಹೊಲ, ಹೊಗೆಸೊಪ್ಪಿನ ಹೊಲ ಉತ್ತು ಸುಸ್ತಾದ ಟ್ರ್ಯಾಕ್ಟರುಗಳು ರಾಮನಾಥಪುರದ ಕಡೆಯಿಂದೆಲ್ಲ ಅವರ ಶೆಡ್ಡಿಗೆ ಬರುತ್ತವೆ. ಭಾವ ಮುಚ್ಚಳ ಬಿಚ್ಚಿ, ಎಣ್ಣೆಯೊಳಗೆ ಬಲಗೈ ಇಳಿಸಿ, ಕಣ್ಣು ಮುಚ್ಚಿಕೊಂಡು ತೋರುಬೆರಳು ನಡುಬೆರಳುಗಳನ್ನು ಹಲ್ಲುಗಳ ಮೇಲೆ ಆಡಿಸುತ್ತಿದ್ದರು. “ಮೂರ್ನೇ ಗೇರಲ್ಲಿ ಎರಡಲ್ಲು ಸವ್ದವೆ” ಎಂದರೆ, ಬಿಚ್ಚಿ ನೋಡಿದಾಗ ಸವೆದದ್ದು ಎರಡೇ ಇರುತ್ತಿತ್ತು. ಕಣ್ಣಿಗೆ ಕಾಣದ್ದು ಆ ಎರಡು ಬೆರಳಿಗೆ ಕಾಣುತ್ತಿತ್ತು. ಆ ಶೆಡ್ಡು ನಡೆಯುತ್ತಿದ್ದದ್ದು ಪಾನಾ, ಸ್ಪ್ಯಾನರುಗಳಿಂದಲ್ಲ, ಆ ಬೆರಳುಗಳಿಂದ.

ವಯಸ್ಸಿನಲ್ಲಿ ನಾಲ್ಕು ವರ್ಷ ದೊಡ್ಡವರಾದರೂ ನನ್ನನ್ನು ಬಹುವಚನದಲ್ಲೇ ‘ಮೇಷ್ಟ್ರೇ’ ಎನ್ನುತ್ತಾರೆ. ಅದರಲ್ಲಿ ಮುಕ್ಕಾಲು ತಮಾಷೆ, ಕಾಲು ಭಾಗ ಮಾತ್ರ ಗೌರವ ಎಂದು ನಾನು ತಿಳಿದಿದ್ದೆ. ಲೆಕ್ಕ ತಲೆಕೆಳಗಾಗಿತ್ತು ಎಂಬುದು ಆಮೇಲೆ ಗೊತ್ತಾಯಿತು.

ನಮ್ಮಿಬ್ಬರ ನಂಟಿಗೆ ಅಕ್ಕ ಎಷ್ಟು ಕಾರಣವೋ ಹೊಳೆಯೂ ಅಷ್ಟೇ ಕಾರಣ. ರಜೆ ಸಿಕ್ಕಿದರೆ ಹೇಮಾವತಿ ದಡ. ಕೋಲಿಲ್ಲ, ರೀಲಿಲ್ಲ. ಬಾಟಲಿಗೆ ಸುತ್ತಿದ ತಂಗೂಸಿ ದಾರ, ತುದಿಗೊಂದು ಗಾಳ. ದೊಡ್ಡ ಬಾಳೆ ಮೀನು ಕಚ್ಚಿದರೆ ಬಾಟಲಿಯನ್ನು ಬಿಸಾಕಿ, ದಾರವನ್ನು ಬಲಗೈಗೆ ಎರಡು ಸುತ್ತು ಸುತ್ತಿಕೊಂಡು, ಹಿಂದಹಿಂದಕ್ಕೆ ದಡ ಹತ್ತುವುದು. ಮೀನು ತಾನಾಗಿ ಮರಳಿಗೆ ಬರುತ್ತದೆ. ಹೊಳೆಬದಿಯ ಊರುಗಳಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಕಲಿಸುವುದಿಲ್ಲ, ನಡಿಗೆ ಬಂದಂತೆ ಬರುತ್ತದೆ.

ಭಾವನ ಮಗಳು ಚೈತ್ರ ಐರ್ಲೆಂಡಿನಲ್ಲಿ ನರ್ಸು. ಅವಳು ಒಮ್ಮೆ ಫೋನಿನಲ್ಲಿ ಒಂದು ವೀಡಿಯೊ ಕಳಿಸಿದಳು. ಅಲ್ಲಿನ ಕೆರೆಯಲ್ಲಿ ಒಬ್ಬ ಗೇಣುದ್ದದ ಆಟದ ಮೀನನ್ನು ಎಸೆದು, ನಿಧಾನವಾಗಿ ಸುತ್ತಿ ಎಳೆಯುತ್ತಾನೆ. ಅದು ನಿಜವಾದ ಮೀನಿನಂತೆ ಸೊಂಟ ಬಳುಕಿಸುತ್ತಾ ಈಜುತ್ತದೆ. ಕೆಳಗಿನಿಂದ ತೊಡೆಯಷ್ಟು ದಪ್ಪದ ಪೈಕ್ ಎಂಬ ಮೀನು ಬಂದು ಬಾಯಿ ಹಾಕುತ್ತದೆ. ಆ ಆಟದ ಮೀನಿಗೆ ಅಲ್ಲಿ ಸ್ವಿಮ್‌ಬೇಟ್ ಎನ್ನುತ್ತಾರೆ. ಭಾವ ‘ಸುಳ್ ಮೀನು’ ಎಂದು ಹೆಸರಿಟ್ಟರು. ಹಾಲುವಾಣದ ಮರ ಕೆತ್ತಿ, ಮೂರು ತುಂಡು ಮಾಡಿ, ಸೈಕಲ್ ಕಡ್ಡಿಯ ಕೀಲು ಹಾಕಿ, ಬೇರಿಂಗಿನ ಎರಡು ಗುಂಡನ್ನು ಕಣ್ಣಿಗೆ ಕೂರಿಸಿ ಒಂದನ್ನು ತಯಾರಿಸಿಯೂ ಬಿಟ್ಟರು. ತೊಟ್ಟಿಯಲ್ಲಿ ಬಿಟ್ಟರೆ ಅದು ನಾಚಿದ ಮದುವಣಗಿತ್ತಿಯಂತೆ ಮೆಲ್ಲಗೆ ಹೆಜ್ಜೆ ಹಾಕುತ್ತಿತ್ತು.

“ಇದುನ್ನ ಅಲ್ಲೀಗೇ ತಗೊಂಡೋಗಿ ಆಡಿಸ್ಬೇಕು ಕಣ್ರೀ ಮೇಷ್ಟ್ರೇ. ಸಾಯಕ್ಕೆ ಮುಂಚೆ ಒಂದ್ ಸಲ” ಎಂದರು. ಚೈತ್ರ ಅಪ್ಪ ಅಮ್ಮ ಇಬ್ಬರಿಗೂ ಬನ್ನಿ ಎಂದಳು. ಅಕ್ಕನಿಗೆ ಮಂಡಿನೋವು, ವಿಮಾನದಲ್ಲಿ ಕೂರಲಾಗುವುದಿಲ್ಲ. ಅವಳ ಬದಲು ನಾನು ಹೊರಟೆ. ಅವಳು ಬಸ್ ಸ್ಟ್ಯಾಂಡಿಗೆ ಬಂದು ನನ್ನ ಕೈ ಹಿಡಿದುಕೊಂಡಳು.

“ಅವ್ರಿಗೆ ಅಲ್ಲಿ ಮಾತು ಬರಾಕಿಲ್ಲ ಕಣಪ್ಪ. ನೀನೇ ಅವ್ರ ಬಾಯಿ, ನೀನೇ ಅವ್ರ ಕಿವಿ. ಉಸಾರು.”

ನಾನು ನಕ್ಕು, ನೀನು ಹೆದರಬೇಡ ಎಂದೆ.

ಶಾನನ್ ನದಿಯ ಊರು

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸುಳ್ಳು ಮೀನು ಸಿಕ್ಕಿಬಿತ್ತು. ಗಾಳಗಳನ್ನು ಬಿಚ್ಚಿ ದೊಡ್ಡ ಪೆಟ್ಟಿಗೆಗೆ ಹಾಕಿದ್ದೆವು, ಆದರೆ ಮೀನನ್ನು ಮಾತ್ರ ಭಾವ ಮಗುವಿನಂತೆ ಕೈಚೀಲದಲ್ಲೇ ಇಟ್ಟುಕೊಂಡಿದ್ದರು. ಅಧಿಕಾರಿ ಅದನ್ನು ಎತ್ತಿ, ಬಾಲ ಅಲ್ಲಾಡಿದ್ದು ಕಂಡು ಪಕ್ಕದವನನ್ನು ಕರೆದ. ಅವನು ಇನ್ನೊಬ್ಬನನ್ನು ಕರೆದ. “ಜೀವ ಇಲ್ಲ ಸಾ, ಮರದ್ದು” ಎಂದು ಭಾವ ಕೈಮುಗಿದರು. ಮೂವರೂ ಸರದಿಯಂತೆ ಬಾಲ ಅಲ್ಲಾಡಿಸಿ ನೋಡಿ ಬಿಟ್ಟರು.

ಚೈತ್ರ ಇರುವುದು ಶಾನನ್ ನದಿ ಹಾದುಹೋಗುವ ಒಂದು ಚಿಕ್ಕ ಊರಿನಲ್ಲಿ. ಅಕ್ಟೋಬರ್ ತಿಂಗಳು. ಅಲ್ಲಿ ಮಳೆ ನಮ್ಮಂತೆ ಬಂದು ಹೋಗುವುದಿಲ್ಲ, ಬಾಡಿಗೆಗೆ ಬಂದವರಂತೆ ಅಲ್ಲೇ ಇರುತ್ತದೆ. ಸೂರ್ಯ ಸೋಗೆ ಮಾಡಿನ ಸಂದಿಯಲ್ಲಿ ಇಣುಕಿದಂತೆ ಇಣುಕಿ ಒಳಗೆ ಹೋಗುತ್ತಾನೆ. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಚನ್ನರಾಯಪಟ್ಟಣದ ಬಸ್ಸಿನಲ್ಲಿ ಹಾಗೆ ಹೇಳಿದರೆ ಡ್ರೈವರು, ಇವನಿಗೆ ಏನೋ ಆಗಿದೆ ಎಂದು ತಿರುಗಿ ನೋಡಿಯಾನು. ಭಾವನಿಗೆ ಅದಕ್ಕಿಂತ ವಿಚಿತ್ರವಾಗಿ ಕಂಡದ್ದು ಇನ್ನೊಂದು.

“ನಾವು ಅವ್ರ ಕಾಲು ತುಳುದ್ರೆ ಅವ್ರೇ ಸಾರಿ ಅಂತಾರಲ್ಲ ಮೇಷ್ಟ್ರೇ. ತಪ್ಪು ಯಾರ್ದು ಅಂತ ಇವ್ರಿಗೆ ಗೊತ್ತಾಗಾಕಿಲ್ವಾ?”

ತಪ್ಪು ಯಾರದೆಂದು ಗೊತ್ತಿದ್ದೂ ಹಾಗೆ ಅನ್ನುತ್ತಾರೆ ಎಂದೆ. ಅವರು ತಲೆದೂಗಿದರು. ಎರಡು ದಿನ ಚೈತ್ರಳ ಮನೆಯಲ್ಲಿ ಊರಿಂದ ತಂದ ರಾಗಿಹಿಟ್ಟಿನ ಮುದ್ದೆ ಉಂಡು, ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು, ಮೂರನೆಯ ದಿನ ಕೆರೆಯ ಕಡೆ ಹೊರಟೆವು.

ಡಾನಲ್‌ನ ಅಂಗಡಿ

ಕೆರೆಯ ದಂಡೆಯಲ್ಲೇ ಡಾನಲ್ ಎಂಬುವನ ಅಂಗಡಿ. ಎಪ್ಪತ್ತರ ಆಸುಪಾಸಿನ ಮನುಷ್ಯ. ಕೋಲು, ದಾರ, ಗಾಳ ಮಾರುತ್ತಾನೆ, ಬಂದವರನ್ನು ತನ್ನ ದೋಣಿಯಲ್ಲಿ ತಾನೇ ಕರೆದುಕೊಂಡು ಹೋಗುತ್ತಾನೆ. ಒಳಗೆ ಒದ್ದೆ ನಾಯಿಯ ವಾಸನೆ, ಸದಾ ಕುದಿಯುವ ಚಹಾದ ಕೆಟಲು. ರೀಲು ಬೇಕು ಎಂದೆ. ನಮ್ಮ ಕಡೆ ಅಂಗಡಿಯವರು ಕೇಳಿದ್ದನ್ನು ತೆಗೆದು ಕೊಡುತ್ತಾರೆ. ಇವನು, ಮೊದಲು ನೀವು ನೀರಿಗೆ ಎಸೆಯುವ ಮೀನು ಯಾವುದು ತೋರಿಸಿ ಎಂದ.

ಭಾವ ಸುಳ್ಳು ಮೀನನ್ನು ಕೊಟ್ಟರು. ಡಾನಲ್ ಅದನ್ನು ಅಂಗೈಯಲ್ಲಿ ತೂಗಿದ, ಕೀಲುಗಳನ್ನು ಮಡಚಿ ನೋಡಿದ, ಆಮೇಲೆ ಹಿತ್ತಲಿಗೆ ಹೋಗಿ ಮಳೆನೀರಿನ ಪೀಪಾಯಿಯಲ್ಲಿ ಬಿಟ್ಟು ದಾರ ಹಿಡಿದು ಎಳೆದ. ಇದನ್ನು ಮಾಡಿದ್ದು ಯಾರು ಎಂದು ಕೇಳಿ, ಭಾವನ ಕೈ ಕುಲುಕಿದ. ಇಬ್ಬರ ಅಂಗೈಯೂ ಒಂದೇ ಥರ ಒರಟು.

ಆಮೇಲೆ ಮೇಜಿನ ಮೇಲೆ ಎರಡು ರೀಲು ಇಟ್ಟ. ಒಂದು ದೊಡ್ಡದು, ಕಪ್ಪು, ತೂಕದ್ದು. ಅದರ ಹಿಡಿ ಒಂದು ಸುತ್ತು ತಿರುಗಿದರೆ ದಾರ ಸುತ್ತುವ ಉರುಳೆ ಐದು ಸುತ್ತು ತಿರುಗುತ್ತದೆ. ಇನ್ನೊಂದು ಅದರ ಅರ್ಧದಷ್ಟು, ಬೆಳ್ಳಿ ಬಣ್ಣ, ಹಗುರ. ಹಿಡಿಯ ಒಂದು ಸುತ್ತಿಗೆ ಉರುಳೆ ಎಂಟು ಸುತ್ತು. ಡಾನಲ್ ದೊಡ್ಡದನ್ನೇ ನಮ್ಮತ್ತ ತಳ್ಳಿದ. ಭಾವನ ಕೈಯೂ ತಾನಾಗಿ ಅದರ ಮೇಲೇ ಹೋಯಿತು. ಹಿಡಿ ತಿರುಗಿಸಿ, ಕಿವಿಯ ಹತ್ತಿರ ಇಟ್ಟುಕೊಂಡು ಒಳಗಿನ ಹಲ್ಲುಗಳ ಸದ್ದು ಕೇಳಿದರು.

“ಇದು ಲೋ ಗೇರು. ಇದೇ ಸರಿ. ಕೆಸ್ರಲ್ಲಿ ಟಾಪ್ ಗೇರ್ ಆಕುದ್ರೆ ಟ್ಯಾಕ್ಟ್ರು ಓಯ್ತದಾ? ನಿಂತೋಯ್ತದೆ. ಸುಳ್ ಮೀನು ಬೇರೆ ತೂಕ ಐತೆ. ದೊಡ್ಡದು ಕಚ್ಚುದ್ರೆ ಎಳೆಯಕ್ಕೆ ಬಲ ಬೇಕು, ಓಟ ಅಲ್ಲ.”

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಾನು ಹೊರಡುವ ಮುಂಚೆ ಒಂದು ತಿಂಗಳು ಕೂತು ವೀಡಿಯೊಗಳನ್ನು ನೋಡಿದ್ದೆ, ನೋಟ್ಸು ಬರೆದುಕೊಂಡಿದ್ದೆ. ವೇಗದ ರೀಲನ್ನು ಬೇಕೆಂದರೆ ನಿಧಾನವಾಗಿ ತಿರುಗಿಸಬಹುದು, ನಿಧಾನದ ರೀಲನ್ನು ಬೇಕೆಂದಾಗ ವೇಗವಾಗಿ ತಿರುಗಿಸಲಾಗದು. ಮೀನು ನಮ್ಮ ಕಡೆಗೇ ನುಗ್ಗಿದರೆ ಸಡಿಲವಾದ ದಾರವನ್ನು ಬೇಗ ಸುತ್ತಿಕೊಳ್ಳಬೇಕು. ಚಿಕ್ಕದಾದರೆ ಮಣಿಕಟ್ಟಿಗೂ ಆಯಾಸವಿಲ್ಲ. ಇದನ್ನೆಲ್ಲ ಕರಿಹಲಗೆಯ ಮುಂದೆ ನಿಂತವನಂತೆ ಭಾವನಿಗೆ ವಿವರಿಸಿದೆ. ಮಾತು ಸುಳ್ಳಲ್ಲ. ಆದರೆ ಆ ಮಾತು ಹೇಳಿದವರು ಯಾರೋ, ಅವರ ಕೈ ಯಾವುದೋ, ಅವರ ಮೀನು ಎಷ್ಟು ದೊಡ್ಡದೋ ನನಗೆ ಗೊತ್ತಿರಲಿಲ್ಲ.

ನಾನು ಬೆಳ್ಳಿ ರೀಲನ್ನು ಎತ್ತಿಕೊಂಡದ್ದು ಕಂಡು ಡಾನಲ್ ನನಗೆ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದ. ಇಲ್ಲಿ ದೊಡ್ಡ ಮೀನು ಮುಳುಗಿದ ಮರದ ಕೆಳಗೆ ಹೋಗಿ ಕೂರುತ್ತದೆ. ಆಗ ಈ ಚಿಕ್ಕದರ ಹಿಡಿ ತಿರುಗುವುದೇ ಇಲ್ಲ. ಹಿಡಿ ತಿರುಗದಿದ್ದರೆ ಮನುಷ್ಯ ದಾರಕ್ಕೆ ಕೈ ಹಾಕುತ್ತಾನೆ. ಈ ದಾರ ಹೆಣೆದದ್ದು, ಹೊಲಿಗೆ ನೂಲಿನಷ್ಟು ಸಣ್ಣ, ಬ್ಲೇಡಿನಷ್ಟು ಹರಿತ. ಏನೇ ಆದರೂ ದಾರ ಮುಟ್ಟಬಾರದು ಎಂದು ಅವನಿಗೆ ಹೇಳು. ಹೇಳುತ್ತಾ ತನ್ನ ಬೆರಳಿಗೆ ದಾರ ಸುತ್ತಿದಂತೆ ಮಾಡಿ, ಎರಡು ಕಡೆ ಜಗ್ಗಿ ತೋರಿಸಿ, ತಲೆ ಅಲ್ಲಾಡಿಸಿದ.

“ಏನಂತೆ?” ಎಂದು ಭಾವ ಕೇಳಿದರು.

ಅದನ್ನು ಹಾಗೇ ಹೇಳಿದ್ದರೆ ನನ್ನ ವಾದ ಬಿದ್ದುಹೋಗುತ್ತಿತ್ತು. ಇಬ್ಬರೂ ಓದದವರು ಒಂದು ಕಡೆ ಸೇರಿ, ಓದಿದವನೊಬ್ಬ ಸೋಲುತ್ತಿದ್ದ. ಕಾರಣ ಇಷ್ಟೇ, ಇದಕ್ಕಿಂತ ದೊಡ್ಡದು ಹುಡುಕಿದರೂ ಸಿಗಲಿಲ್ಲ.

“ದಾರ ಬಹಳ ಗಟ್ಟಿಯಂತೆ” ಎಂದೆ.

ಭಾವ ದೊಡ್ಡ ರೀಲನ್ನು ಮೇಜಿನ ಮೇಲೆ ಇಟ್ಟರು. “ಆಯ್ತು, ನೀವು ಏಳ್ದಂಗೆ” ಎಂದರು.

ಕೆರೆ, ಮೊದಲನೆಯ ದಿನ

ಆ ಕೆರೆಯನ್ನು ನಮ್ಮ ಗೊರೂರಿನ ಹಿನ್ನೀರಿಗೆ ಹೋಲಿಸಬಹುದು, ಬಣ್ಣವೊಂದನ್ನು ಬಿಟ್ಟು. ನೀರು ಕಷಾಯದಂತೆ ಕಪ್ಪು. ಅಂಚಿನುದ್ದಕ್ಕೂ ಒಣಗಿದ ಜೊಂಡು. ಒಂದು ನರಪಿಳ್ಳೆಯೂ ಇಲ್ಲ. ದಡದಲ್ಲಿ ಬಟ್ಟೆ ಒಗೆಯುವವರಿಲ್ಲ, ಎಮ್ಮೆ ತೊಳೆಯುವವರಿಲ್ಲ, ಏನ್ ಸಿಕ್ತು ಎಂದು ಕೂಗಿ ಕೇಳುವವರಿಲ್ಲ. ಅಷ್ಟು ದೊಡ್ಡ ನೀರಿನ ಪಕ್ಕ ಮನುಷ್ಯರ ಸದ್ದೇ ಇಲ್ಲದಿರುವುದು ನನಗೆ ಸಾವಿನ ಮನೆಯ ಹಾಗೆ ಕಂಡಿತು.

ದೋಣಿಯನ್ನು ನೀರಿಗೆ ಇಳಿಸಲು ಡಾನಲ್ ಒಂದು ಹಳೆಯ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದ. ಅದು ಕೆಮ್ಮುತ್ತಾ ಹೊರಟ ಕೂಡಲೇ ಭಾವ ನಿಂತುಬಿಟ್ಟರು. ಗ್ಲೌಸು ಬಿಚ್ಚಿ, ಗೇರ್‌ಬಾಕ್ಸಿನ ಮೈಮೇಲೆ ಎರಡು ಬೆರಳು ಇಟ್ಟು, ವೈದ್ಯ ನಾಡಿ ನೋಡುವಂತೆ ತಲೆ ಓರೆ ಮಾಡಿ ನಿಂತರು.

“ಎರಡ್ನೇ ಗೇರಿನ ಬೇರಿಂಗ್ ಓಗೈತೆ ಅಂತ ಏಳಿ ಮೇಷ್ಟ್ರೇ. ಇಂಗೇ ಬುಟ್ರೆ ಗೇರಿನ ಸಾಪ್ಟು ತುಂಡಾಯ್ತದೆ.”

ಇದನ್ನು ಮಾತ್ರ ಒಂದಕ್ಷರ ಬಿಡದೆ ಅನುವಾದಿಸಿದೆ. ಡಾನಲ್ ನಂಬಿದನೋ ಇಲ್ಲವೋ, ಭಾವನ ಬೆರಳುಗಳನ್ನೇ ನೋಡಿದ.

ನೀರಿನ ಮೇಲೆ ರೀಲಿನ ಹಣೆಬರಹ ಬೇಗ ಬಯಲಾಯಿತು. ಸುಳ್ಳು ಮೀನು ನಿಧಾನವಾಗಿ ಬಂದರಷ್ಟೇ ಮೀನು. ಬೇಗ ಎಳೆದರೆ ಪಕ್ಕಕ್ಕೆ ಮಗುಚಿಕೊಂಡು, ಮೇಲಕ್ಕೆ ತೇಲಿ, ಮರದ ತುಂಡೇ ಆಗಿಬಿಡುತ್ತದೆ. ಎಂಟು ಸುತ್ತಿನ ರೀಲಿನಲ್ಲಿ ಕೈ ತುಸು ಆತುರಪಟ್ಟರೂ ಅದು ಓಡುತ್ತಿತ್ತು. ಚಳಿಯಲ್ಲಿ ನಡುಗುವ ಕೈ ಆತುರಪಡದೇ ಇರುತ್ತದೆಯೇ? ಭಾವ ಉಸಿರು ಬಿಗಿಹಿಡಿದು, ಹಿಡಿಯನ್ನು ಗಡಿಯಾರದ ಮುಳ್ಳಿನಂತೆ ತಿರುಗಿಸಿ ತಿರುಗಿಸಿ, ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟು ಉಜ್ಜಿಕೊಳ್ಳತೊಡಗಿದರು. ಸಣ್ಣದೊಂದು ಪೈಕ್ ಸಿಕ್ಕಿತು. ಡಾನಲ್ ಅದರ ಗಾಳ ಬಿಡಿಸಿ, ಎರಡು ಕೈಯಲ್ಲಿ ನೀರಿನಲ್ಲಿ ಹಿಡಿದು, ಚೇತರಿಸಿಕೊಂಡ ಮೇಲೆ ಬಿಟ್ಟುಬಿಟ್ಟ.

“ಇಡ್ದು ಬುಡಕ್ಕೆ ಇಷ್ಟ್ ದೂರ ಬರ್ಬೇಕಿತ್ತಾ?” ಎಂದು ಭಾವ ಹೊಟ್ಟೆ ಉರಿದುಕೊಂಡರು. ಆಮೇಲೆ ತಾವೇ ಸಮಾಧಾನ ಹೇಳಿಕೊಂಡರು. “ಓಗ್ಲಿ. ರಾಮನಾಥಪುರದಲ್ಲಿ ದೇವ್ರ ಮೀನಿಗೆ ಪುರಿ ಆಕಿ ಕೈಮುಗ್ದು ಬತ್ತೀವಲ್ಲ, ಅಂಗೆ ಅಂದ್ಕಳಣ.”

ವಾಪಸು ಬರುವಾಗ ಡಾನಲ್ ನನಗೆ, ದೊಡ್ಡ ರೀಲು ಅಂಗಡಿಯಲ್ಲೇ ಇದೆ, ನಾಳೆಗೆ ಬದಲಾಯಿಸಿಕೊಡುತ್ತೇನೆ ಎಂದ. ದೇವರು ಎರಡನೆಯ ಬಾರಿ ಬಾಗಿಲು ತೆರೆದಿದ್ದ. ಭಾವನಿಗೆ ಈಗ ಚಿಕ್ಕದೇ ರೂಢಿಯಾಗಿದೆ ಎಂದುಬಿಟ್ಟೆ.

ಕೆರೆ, ಎರಡನೆಯ ದಿನ

ಬೆಳಗಿನಿಂದಲೇ ಗಾಳಿ. ದೋಣಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಚೈತ್ರ ಕೊಟ್ಟಿದ್ದ ಗ್ಲೌಸುಗಳಲ್ಲಿ ಬಲಗೈಯದನ್ನು ಭಾವ ಬಿಚ್ಚಿ ಜೇಬಿಗಿಟ್ಟರು. ಹಿಡಿ ತಿರುಗುವುದು ಬೆರಳಿಗೆ ತಿಳಿಯುವುದಿಲ್ಲ ಎಂದರು. ಅವರ ಕೆಲಸವೆಲ್ಲ ಬರಿಗೈಯದು. ಹತ್ತು ಗಂಟೆಯ ಹೊತ್ತಿಗೆ ಬೆರಳುಗಳು ನೀಲಿಯಾಗಿ, ಜೋಮು ಹಿಡಿದಿದ್ದವು.

ಹನ್ನೊಂದರ ಸುಮಾರಿಗೆ ಕೋಲು ಬಾಗಿತು. ಕಚ್ಚಿದ್ದು ಗೊತ್ತಾಗಲಿಲ್ಲ, ಯಾರೋ ಕೆಳಗಿನಿಂದ ಹಿಡಿದು ಎಳೆದಂತೆ ಕೋಲಿನ ತುದಿ ನೀರಿಗೆ ತಾಕಿತು. ಒಂದು ಸಲ ಅದು ಮೇಲೆ ಬಂತು. ಹಸಿರು ಬೆನ್ನು, ಮೊಸಳೆಯಂಥ ಮೂತಿ, ಆ ಮೂತಿಯಲ್ಲಿ ಅಡ್ಡಲಾಗಿ ಭಾವನ ಮರದ ಮೀನು. ನನ್ನ ಜನ್ಮದಲ್ಲಿ ಭಾವನ ಮುಖದಲ್ಲಿ ಅಂಥ ಸಂತೋಷ ಕಂಡಿರಲಿಲ್ಲ. “ಕಂಡ್ರಾ ಮೇಷ್ಟ್ರೇ” ಎಂದರು, ಅಷ್ಟೇ.

ಆಮೇಲೆ ಅದು ಮುಳುಗಿತು, ಡಾನಲ್ ಹೇಳಿದಂತೆಯೇ ಮರದ ಕೆಳಗೆ ಹೋಗಿ ಕೂತಿತು. ಭಾವ ಹಿಡಿ ತಿರುಗಿಸಿದರು. ತಿರುಗಲಿಲ್ಲ. ಹಲ್ಲು ಕಚ್ಚಿ ತಿರುಗಿಸಿದರು. ಹಿಡಿ ಅರ್ಧ ಸುತ್ತು ಹೋಗಿ ನಿಂತಿತು. ಕೆಸರಿನಲ್ಲಿ ಟಾಪ್ ಗೇರು. ಗಾಳಿ ದೋಣಿಯನ್ನು ಹಿಂದಕ್ಕೆ ತಳ್ಳುತ್ತಿತ್ತು. ದೋಣಿಯನ್ನು ಮುಂದೆ ತರಲು ಡಾನಲ್ ಮೋಟಾರಿನ ಕಡೆ ತಿರುಗಿದ. ನಾನು ಬಲೆ ಹಿಡಿದುಕೊಂಡು, ಬಿಡಬೇಡಿ ಭಾವ, ಬಿಡಬೇಡಿ ಎನ್ನುತ್ತಿದ್ದೆ. ಹೌದು, ಹಾಗೇ ಅಂದೆ.

ಅವರು ಕೋಲನ್ನು ಎಡಗಂಕುಳಲ್ಲಿ ಒತ್ತಿ ಹಿಡಿದರು. ಬಲಗೈ ಮುಂದೆ ಚಾಚಿ, ದಾರವನ್ನು ತೋರುಬೆರಳು ನಡುಬೆರಳಿಗೆ ಎರಡು ಸುತ್ತು ಸುತ್ತಿಕೊಂಡರು. ಒಂದು ಹೆಜ್ಜೆ ಹಿಂದಕ್ಕೆ ಇಟ್ಟರು. ಐವತ್ತು ವರ್ಷ ಹೇಮಾವತಿಯ ದಡದಲ್ಲಿ ಇಟ್ಟ ಹೆಜ್ಜೆ. ಹಿಂದೆ ದಡವಿರಲಿಲ್ಲ, ದೋಣಿಯ ಹಲಗೆಯಿತ್ತು. ಅದು ಕಾಲಿಗೆ ತಾಕಿ ಕುಕ್ಕರಿಸಿ ಕೂತರು. ಅದೇ ಹೊತ್ತಿಗೆ ಗಾಳಿ ದೋಣಿಯನ್ನು ಜಗ್ಗಿತು.

ಅವರು ಕೂಗಲಿಲ್ಲ. ಜೋಮು ಹಿಡಿದ ಬೆರಳಿಗೆ ಏನೂ ತಿಳಿದಿರಲಿಲ್ಲ. ಅವರ ಕಣ್ಣು ಇನ್ನೂ ನೀರಿನ ಮೇಲಿತ್ತು, ಮೀನು ಮೇಲೆ ಬರುತ್ತದೆಂದು. ದೋಣಿಯ ತಳದಲ್ಲಿ ನಿಂತ ಮಳೆನೀರು ಕೆಂಪಾಗುತ್ತಿದ್ದುದನ್ನು ಮೊದಲು ಕಂಡವನು ನಾನು. ಡಾನಲ್ ತಿರುಗಿ ನೋಡಿ, ಚಾಕು ತೆಗೆದು ದಾರ ಕತ್ತರಿಸಿದ. ಸುಳ್ಳು ಮೀನು ಮೀನಿನ ಜೊತೆಗೇ ಹೋಯಿತು.

ಡಾನಲ್ ತನ್ನ ಅಂಗಿಯನ್ನು ಹರಿದು ಕೈಗೆ ಬಿಗಿಯಾಗಿ ಸುತ್ತಿ, ಮೇಲಕ್ಕೆತ್ತಿ ಹಿಡಿಯಲು ಸನ್ನೆ ಮಾಡಿದ. ಮೋಟಾರು ಪೂರ್ತಿ ವೇಗಕ್ಕೆ ಹಾಕಿ ದಡದ ಕಡೆ ತಿರುಗಿಸಿದ. ಆಮೇಲೆ ನನ್ನನ್ನು ನೋಡಿ ಕೇಳಿದ: ನಾನು ಹೇಳಿದ್ದನ್ನು ಅವನಿಗೆ ಹೇಳಿದ್ದೆಯಾ?

ಹೇಳಿದ್ದೆ ಎಂದೆ.

ಆ ಊರಿನಲ್ಲಿ ಕಾಲು ತುಳಿಸಿಕೊಂಡವರೇ ಸಾರಿ ಅನ್ನುತ್ತಾರೆ ಎಂದೆನಲ್ಲ. ಡಾನಲ್ ದಡ ಸೇರುವವರೆಗೂ ಭಾವನಿಗೆ ಅದೊಂದೇ ಮಾತು ಹೇಳುತ್ತಿದ್ದ. ಭಾವನಿಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಅದೂ ಒಂದು.

ಆಸ್ಪತ್ರೆ

ಚೈತ್ರ ಕೆಲಸದ ಬಟ್ಟೆಯಲ್ಲೇ ಓಡಿ ಬಂದಳು. ಅಪ್ಪನ ಕೈ ನೋಡಿ ಅಳಲಿಲ್ಲ, ಮೊದಲು ನರ್ಸಾದಳು. ಆಪರೇಷನ್ ಆಯಿತು. ಮಾರನೆಯ ಬೆಳಗ್ಗೆ ಡಾಕ್ಟರು ಬಂದು, ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಮಾತಾಡಿದರು. ಅಲ್ಲಿ ಡಾಕ್ಟರುಗಳು ರೋಗಿಯ ಪಕ್ಕ ಕೂರುತ್ತಾರೆ, ನಿಂತುಕೊಂಡೇ ಹೇಳಿ ಹೋಗುವುದಿಲ್ಲ. ನಾನು ಕನ್ನಡದಲ್ಲಿ ಹೇಳಲು ಬಾಯಿ ತೆರೆದೆ. ಚೈತ್ರ ನನ್ನ ತೋಳು ಮುಟ್ಟಿ, “ಇರಿ ಮಾವ, ನಾನ್ ಹೇಳ್ತೀನಿ” ಎಂದಳು.

“ಅಪ್ಪಾಜಿ, ದಾರ ಮೂಳೆವರ್ಗೂ ಹೋಗಿತ್ತು. ಬೆರಳು ಮಡಚೋ ನರ ಎರಡೂ ಹೊಲ್ದಿದಾರೆ. ನಿಧಾನಕ್ಕೆ ಮಡಚಬೋದು. ಮುಟ್ಟಿದ್ದು ಗೊತ್ತಾಗೋ ನರಾನೂ ತುಂಡಾಗಿದೆ. ಅದನ್ನೂ ಸೇರ್ಸಿದಾರೆ, ಆದ್ರೆ ಆ ಎರಡು ಬೆರಳಿಗೆ ಮುಂಚಿನ ಹಾಗೆ ತಿಳಿಯೋದು ಅನುಮಾನ ಅಂತಾರೆ.”

ಡಾಕ್ಟರು ಹೇಳಿದ್ದರಲ್ಲಿ ಅವಳು ಒಂದನ್ನೂ ಬಿಡಲಿಲ್ಲ. ಕೊನೆಯ ಮಾತನ್ನೂ ಹೇಳಿದಳು. ಬೇರೊಬ್ಬರ ಬಾಯಾಗುವುದು ಎಂದರೇನು ಎಂದು ಅರವತ್ತೊಂದನೆಯ ವಯಸ್ಸಿನಲ್ಲಿ ನನ್ನ ಕಣ್ಣೆದುರು ನಾನೇ ಆಡಿಸಿ ಬೆಳೆಸಿದ ಹುಡುಗಿ ತೋರಿಸಿಕೊಟ್ಟಳು. ನನಗೆ ನಾಚಿಕೆಯಾಯಿತು. ಕಿಟಕಿಯ ಕಡೆ ತಿರುಗಿ ನಿಂತೆ.

ಭಾವ ಬ್ಯಾಂಡೇಜನ್ನು ನೋಡಿದರು. “ಗೇರ್ ಬಾಕ್ಸು?” ಎಂದು ಕೇಳಿದರು. ಚೈತ್ರ ಅಪ್ಪನ ಎಡಗೈ ಹಿಡಿದುಕೊಂಡು ಕೂತಳು.

ಡಾನಲ್ ದಿನಾ ಬರುತ್ತಿದ್ದ. ತನ್ನ ಹೆಂಡತಿ ಮಾಡಿದ ಬ್ರೆಡ್ಡು ತಂದು ಇಟ್ಟು, ಗೋಡೆ ನೋಡುತ್ತಾ ಅರ್ಧ ಗಂಟೆ ಕೂತು ಹೋಗುತ್ತಿದ್ದ. ಮಾತಿಲ್ಲದೆ ರೋಗಿಯ ಹತ್ತಿರ ಕೂರುವುದು ನಮ್ಮ ಕಡೆ ಯಾರಿಗೂ ಬರುವುದಿಲ್ಲ. ನಾವು ಯಾರ್ಯಾರಿಗೆ ಏನೇನಾಗಿತ್ತು ಎಂದು ಕತೆ ಹೇಳುತ್ತೇವೆ. ಅವನು ಬರುವ ಹೊತ್ತಿಗೆ ನಾನು ಏನಾದರೂ ನೆಪ ಹೇಳಿ ಹೊರಗೆ ಹೋಗಿರುತ್ತಿದ್ದೆ.

ಅರಕಲಗೂಡು

ಊರಿಗೆ ಬಂದಾಗ ಅಕ್ಕ ಗಂಡನ ಕೈ ನೋಡಿ ಅತ್ತಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

“ಅಲ್ಲಿ ನೀನಿದ್ದಿದ್ದಕ್ಕೆ ಕೈಯಾದ್ರೂ ಉಳೀತು ಕಣಪ್ಪ. ನೀನಿಲ್ದೇ ಇದ್ರೆ ಆ ದೇಸದಲ್ಲಿ ಯಾರ್ ಮಾತಾಡೋರು?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನಗೆ ಎಂದು ಮಾಡಿದ್ದ ಒಬ್ಬಟ್ಟನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಭಾವ ಎಡಗೈಯಲ್ಲಿ ಉಣ್ಣುತ್ತಾ, ಕೇಳಿದವರಿಗೆಲ್ಲ ಒಂದೇ ಕತೆ ಹೇಳುತ್ತಿದ್ದರು: ತಪ್ಪು ನಂದೇ, ನಮ್ಮ ಒಳೆ ಅಂದ್ಕಂಡು ದಾರಕ್ಕೆ ಕೈ ಆಕ್ದೆ. ನಾನು ಪಕ್ಕದಲ್ಲಿ ಕೂತು ತಲೆ ತಗ್ಗಿಸುತ್ತಿದ್ದೆ.

ಬೆರಳುಗಳು ಈಗ ಮಡಚುತ್ತವೆ. ಸ್ಪ್ಯಾನರು ಹಿಡಿಯುತ್ತವೆ. ಬಿಸಿ ಕಾಫಿ ಲೋಟ ಹಿಡಿದರೆ ಸುಟ್ಟದ್ದು ತಿಳಿಯುವುದಿಲ್ಲ, ಎರಡು ಸಲ ಬೊಬ್ಬೆ ಎದ್ದವು. ಶೆಡ್ಡಿಗೆ ಟ್ರ್ಯಾಕ್ಟರುಗಳು ಬರುವುದು ಕಡಿಮೆಯಾಗಿದೆ. ಪೂರ್ತಿ ಬಿಚ್ಚಿ ನೋಡುವುದಾದರೆ ಬೇರೆ ಕಡೆಯೂ ನೋಡುತ್ತಾರೆ, ನಿಂಗರಾಜಣ್ಣನ ಹತ್ತಿರ ಯಾಕೆ ಬರಬೇಕು ಎಂದು ಜನ ಅಂದುಕೊಳ್ಳುವುದು ಸಹಜವೇ.

ಮೊನ್ನೆ ಭಾನುವಾರ ಶೆಡ್ಡಿಗೆ ಹೋಗಿದ್ದೆ. ಭಾವ ಒಬ್ಬರೇ ಇದ್ದರು. ಎದುರಿಗೆ ಒಂದು ಗೇರ್‌ಬಾಕ್ಸು ಬಾಯಿ ತೆರೆದುಕೊಂಡು ಕೂತಿತ್ತು. ಹಿಂದಿನ ದಿನ ಚೈತ್ರ ಫೋನ್ ಮಾಡಿದ್ದಳಂತೆ. ಡಾನಲ್ ತನ್ನ ಟ್ರ್ಯಾಕ್ಟರನ್ನು ಬಿಚ್ಚಿಸಿದನಂತೆ, ಹೋಗಿದ್ದುದು ಎರಡನೆಯ ಗೇರಿನ ಬೇರಿಂಗೇ ಅಂತೆ. ಭಾವ ಅದನ್ನು ಹೇಳಿದರು. ಆಮೇಲೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ, ನನ್ನ ಮುಖ ನೋಡದೆ ಕೇಳಿದರು.

“ಅವತ್ತು ಅಂಗ್ಡೀಲಿ ಡಾನಲಪ್ಪ ಬೆರ್ಳಿಗೆ ದಾರ ಸುತ್ತಿ ಜಗ್ಗಿ ತೋರ್ಸಿದ್ನಲ್ಲ ಮೇಷ್ಟ್ರೇ. ಅವ ಏಳಿದ್ದು ದಾರ ಗಟ್ಟಿ ಐತೆ ಅಂತ ಅಲ್ಲ, ಅಲ್ವಾ?”

ಶೆಡ್ಡಿನ ತಗಡಿನ ಮೇಲೆ ಕಾಗೆಯೊಂದು ಓಡಾಡುತ್ತಿತ್ತು. ಅದು ಹಾರಿಹೋದ ಮೇಲೆ ಹೇಳಿದೆ.

“ಅಲ್ಲ ಭಾವ. ದಾರಕ್ಕೆ ಕೈ ಹಾಕಬೇಡ ಅಂದಿದ್ದ.”

“ನಂಗೂ ಅಂಗೇ ಕಂಡಿತ್ತು. ಅವನು ತಲೆ ಅಲ್ಲಾಡ್ಸಿದ್ದು ನೋಡುದ್ರೆ ಎಮ್ಮೆಗೂ ತಿಳೀತದೆ” ಎಂದರು. “ಆದ್ರೆ ನೀವು ಗಟ್ಟಿ ಅಂದ್ರಲ್ಲ. ಓದಿರೋರು, ನಮ್ಮೋರು, ಸುಳ್ಳೇಳ್ತಾರಾ ಅಂತ ಸುಮ್ಕಾದೆ.”

ನಾನು ಕ್ಷಮಿಸಿ ಎನ್ನಬೇಕಿತ್ತು. ಆ ಊರಿನಲ್ಲಿ ಕಾಲು ತುಳಿದರೂ ತುಳಿಸಿಕೊಂಡರೂ ಅನ್ನುವ ಆ ಚಿಕ್ಕ ಮಾತು ನನ್ನ ಬಾಯಿಗೆ ಬರಲಿಲ್ಲ. ಬಂದದ್ದು ಅಳು.

“ಅಳ್ಬ್ಯಾಡಿ. ನಿಮ್ಮಕ್ಕನ ತಾವ ಇದ್ನೆಲ್ಲ ಏಳಕ್ಕೆ ಓಗ್ಬ್ಯಾಡಿ, ಅವ್ಳು ತಡ್ಕಳಾಕಿಲ್ಲ” ಎಂದು ಭಾವ ಗೇರ್‌ಬಾಕ್ಸಿನ ಹತ್ತಿರ ಸರಿದು ನನಗೆ ಜಾಗ ಬಿಟ್ಟರು. “ಬನ್ನಿ ಇಲ್ಲಿ. ತೋಳು ಮಡಿಸ್ಕಳಿ. ನನ್ ಬೆರ್ಳಿಗೆ ಏನೂ ತಿಳೀತಿಲ್ಲ. ನೀವು ಬೆರ್ಳು ಆಡ್ಸಿ ಏಳಿ, ಮೂರ್ನೇ ಗೇರಲ್ಲಿ ಅಲ್ಲು ಸವ್ದೈತಾ?”

ಎಣ್ಣೆಯೊಳಗೆ ಕೈ ಇಳಿಸಿದೆ. ತಣ್ಣಗಿತ್ತು. ಅವರು ನನ್ನ ಮಣಿಕಟ್ಟು ಹಿಡಿದು ಜಾಗ ತೋರಿಸಿದರು. ಹಲ್ಲುಗಳು ಒಂದಾದ ಮೇಲೊಂದು ಬೆರಳ ಕೆಳಗೆ ಹಾದುಹೋದವು. ಎಲ್ಲವೂ ಒಂದೇ ಥರ ಇದ್ದವು. ಮತ್ತೊಂದು ಸುತ್ತು ಆಡಿಸಿದೆ. ಅವರು ಕಾಯುತ್ತಿದ್ದರು. ಸವೆದಿಲ್ಲ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು.

“ಗೊತ್ತಾಗ್ನಿಲ್ಲ ಅಂದ್ರೆ ಗೊತ್ತಾಗ್ನಿಲ್ಲ ಅನ್ನಿ ಮೇಷ್ಟ್ರೇ” ಎಂದರು ಭಾವ ಮೆಲ್ಲಗೆ. “ಯಾರ್ದೋ ಟ್ಯಾಕ್ಟ್ರು ಇದು.”

“ಗೊತ್ತಾಗಲಿಲ್ಲ ಭಾವ” ಎಂದೆ.

ಅವರು ಹೂಂಗುಟ್ಟಿ, ಪೂರ್ತಿ ಬಿಚ್ಚುವುದಕ್ಕೆ ಎಡಗೈಯಲ್ಲಿ ಸ್ಪ್ಯಾನರು ಎತ್ತಿಕೊಂಡರು.